ಜುಲೈ 4ಕ್ಕೆ ಕುಡಿಯಲು ಏನು ಮಾಡೋಣ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸ್ವಾತಂತ್ರ್ಯ ದಿನ ಬರುವುದು ಸುಡು ಬೇಸಿಗೆಯಲ್ಲಿ. ಮಧ್ಯಾಹ್ನ ಪಾರ್ಕಿನಲ್ಲೋ ಯಾರದ್ದೋ ಮನೆಯ ಹಿತ್ತಲಲ್ಲೋ ಸೇರಿದವರು ರಾತ್ರಿ ಪಟಾಕಿ ಮುಗಿಯುವವರೆಗೆ ಏಳುವುದಿಲ್ಲ. ಇಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಹಾಗೇ. ಊಟದ ಪಟ್ಟಿ ವಾಟ್ಸಾಪಿನಲ್ಲಿ ಬೇಗ ತುಂಬುತ್ತದೆ. ಒಬ್ಬರು ಚಿತ್ರಾನ್ನ ಅಂತಾರೆ, ಒಬ್ಬರು ಸುಟ್ಟ ಜೋಳ, ಇನ್ನೊಬ್ಬರು ವೆಜ್ ಬರ್ಗರ್. ಕುಡಿಯುವುದಕ್ಕೆ ಮಾತ್ರ 'ಸೋಡಾ ತಂದರಾಯಿತು' ಅಂತ ಬಿಟ್ಟುಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಅಷ್ಟು ಹೊತ್ತು ಬಿಸಿಲಲ್ಲಿ ಇರುವವರಿಗೆ ತಿನ್ನುವುದಕ್ಕಿಂತ ಕುಡಿಯುವುದೇ ಜಾಸ್ತಿ ಬೇಕು. ಅಮೆರಿಕದ ಧ್ವಜದ ಕೆಂಪು-ಬಿಳಿ-ನೀಲಿ ಬಣ್ಣಗಳು ಪದರ ಪದರವಾಗಿ ನಿಲ್ಲುವ ಗ್ಲಾಸು ತಲೆಗೊಂದು ಸಾಕು. ಆಮೇಲೆ ಬೇಕಾಗುವುದು ಲೋಟದ ಮೇಲೆ ಲೋಟ ಕುಡಿದರೂ ಮುಖ ಹೊಡೆಯದಂಥ ತಂಪು. ಎಲ್ಲರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೂರು ಬಣ್ಣ ಒಂದರ ಮೇಲೊಂದು ನಿಲ್ಲುವುದು ಹೇಗೆ? ನಾವು ಮಾಡಿದಾಗ ಎಲ್ಲಾ ಕಲಸಿಹೋಯಿತು.

ಎಲ್ಲಾ ಸಕ್ಕರೆಯ ಕೆಲಸ. ಸಕ್ಕರೆ ಜಾಸ್ತಿ ಇರುವ ದ್ರವ ಭಾರ, ಕಡಿಮೆ ಇರುವುದು ಹಗುರ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಬಾಟಲಿ ಕೊಳ್ಳುವಾಗಲೇ ಹಿಂದಿನ ಲೇಬಲ್ ಓದಿ, ಒಂದೇ ಅಳತೆಗೆ ಯಾವುದರಲ್ಲಿ ಎಷ್ಟು ಗ್ರಾಂ ಸಕ್ಕರೆ ಇದೆ ಅಂತ ಹೋಲಿಸಿ ನೋಡಿ. ಮೂರರ ನಡುವೆ ಒಳ್ಳೆ ಅಂತರ ಇರಬೇಕು. ಎರಡರಲ್ಲಿ ಹತ್ತಿರ ಹತ್ತಿರ ಒಂದೇ ಸಕ್ಕರೆ ಇದ್ದರೆ ನೀವು ಎಷ್ಟೇ ನಿಧಾನ ಸುರಿದರೂ ಅವು ಬೆರೆಯುತ್ತವೆ.

ಅಂಗಡಿ ಸಾಮಾನಿನಲ್ಲೇ ಸುಲಭವಾಗಿ ಮಾಡಬೇಕೆಂದರೆ ಹೀಗೆ ಮಾಡಿ. ಗ್ಲಾಸಿನ ತುಂಬಾ, ಅಂಚಿನವರೆಗೂ ಐಸ್ ಹಾಕಿ. ತಳಕ್ಕೆ ದಾಳಿಂಬೆ ಸಿರಪ್, ಅಂದರೆ ಗ್ರೆನಡೀನ್, ಎರಡು ಚಮಚ. ಅದರ ಮೇಲೆ ಮಾಮೂಲಿ ಲೆಮನೇಡ್. ಅದು ಮಬ್ಬಾಗಿರುವುದರಿಂದ ಬಿಳಿಯ ಹತ್ತಿರ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಸಕ್ಕರೆಯೇ ಇಲ್ಲದ ನೀಲಿ ಸ್ಪೋರ್ಟ್ಸ್ ಡ್ರಿಂಕ್. ಸುರಿಯುವಾಗ ಧಾರೆ ನೇರವಾಗಿ ಕೆಳಗಿನ ಪದರಕ್ಕೆ ಬೀಳಬಾರದು, ಐಸಿನ ಮೇಲೆ ಅಥವಾ ಚಮಚದ ಬೆನ್ನಿನ ಮೇಲೆ ಬಿದ್ದು ಇಳಿಯಬೇಕು. ಐಸ್ ಕಡಿಮೆ ಹಾಕಿದ್ದೇ ಮುಕ್ಕಾಲು ಪಾಲು ಜನರ ಗ್ಲಾಸ್ ಕೆಡಲು ಕಾರಣ. ಮೊದಲೇ ಮಾಡಿಟ್ಟರೆ ಐಸ್ ಕರಗಿ ಗೆರೆ ಅಳಿಸುತ್ತದೆ, ಹಾಗಾಗಿ ಕೊಡುವ ಹೊತ್ತಿಗೇ ಸುರಿಯಿರಿ. ಮಕ್ಕಳಿಗೆ ಸ್ಟ್ರಾ ಕೊಡುವುದು ಫೋಟೋ ಆದ ಮೇಲೆ.

ಆ ನೀಲಿ ಬಣ್ಣದ ಬಾಟಲಿ ಮಕ್ಕಳಿಗೆ ಕೊಡಲು ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ಇದೆ, ಅದೂ ನಮ್ಮೂರ ಬೇಲಿಯ ಮೇಲೇ ಇದೆ. ಶಂಖಪುಷ್ಪ. ಪೂಜೆಗೆ ಕೀಳುತ್ತಿದ್ದ ಅದೇ ನೀಲಿ ಹೂವು. ಒಣಗಿಸಿದ್ದು ಇಲ್ಲಿ ಏಷ್ಯಾದ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಚಹಾದ ಹೆಸರಲ್ಲಿ ಸಿಗುತ್ತದೆ. ಒಂದು ದೊಡ್ಡ ಚಮಚ ಹೂವನ್ನು ಎರಡು ಕಪ್ ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ, ಫ್ರಿಜ್ಜಿನಲ್ಲಿಡಿ. ಕಡು ನೀಲಿ ಬರುತ್ತದೆ. ರುಚಿ ಅಂಥದ್ದೇನಿಲ್ಲ, ಸ್ವಲ್ಪ ಹಸಿ ಸೊಪ್ಪಿನ ವಾಸನೆ ಅಷ್ಟೇ. ಹಾಗಾಗಿ ಸಿಹಿ ಕೆಳಗಿನ ಪದರಗಳಿಂದ ಬರಲಿ. ಗರ್ಭಿಣಿಯರಿದ್ದರೆ ಅವರು ಈ ಹೂವಿನ ನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಲಿ.

ನನಗೆ ಬಹಳ ಇಷ್ಟವಾದ ಜೋಡಣೆ ಇದು. ತಳಕ್ಕೆ ಗಟ್ಟಿಯಾದ ಪುನರ್ಪುಳಿ ಸಿರಪ್, ಉತ್ತರ ಕನ್ನಡದವರು ಮುರುಗಲು ಅನ್ನುತ್ತೀರಲ್ಲ, ಅದೇ. ಇಂಡಿಯನ್ ಅಂಗಡಿಯಲ್ಲಿ ಕೋಕಂ ಅಂತ ಬಾಟಲಿ ಸಿಗುತ್ತದೆ. ಒಣ ಸಿಪ್ಪೆ ಇದ್ದರೆ ಮೂರು ನಾಲ್ಕು ಗಂಟೆ ನೆನೆಸಿ, ಕಿವುಚಿ, ಸಕ್ಕರೆ ಪಾಕಕ್ಕೆ ಸೇರಿಸಿ. ನಡುವೆ ಸ್ವಲ್ಪ ಸಕ್ಕರೆ, ಏಲಕ್ಕಿ ಹಾಕಿದ ತೆಳು ಕಾಯಿಹಾಲು. ಮೇಲೆ ಸಕ್ಕರೆ ಹಾಕದ ಶಂಖಪುಷ್ಪದ ನೀರು. ಡಬ್ಬಿಯ ಕಾಯಿಹಾಲಾದರೆ ಅಷ್ಟೇ ನೀರು ಬೆರೆಸಿ ತೆಳು ಮಾಡಿಕೊಳ್ಳಿ, ಇಲ್ಲದಿದ್ದರೆ ಐಸ್ ತಾಗಿದ ಕೂಡಲೇ ಅದರ ಕೊಬ್ಬು ಗಂಟು ಕಟ್ಟುತ್ತದೆ. ಕೆಂಪು ಮತ್ತು ಬಿಳಿ ಸೇರುವ ಕಡೆ ಸ್ವಲ್ಪ ಗುಲಾಬಿ ಗೆರೆ ಮೂಡುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ.

ಶಂಖಪುಷ್ಪದ ನೀರಿಗೆ ನಿಂಬೆ ಹಿಂಡಿದೆ, ನೇರಳೆ ಆಗಿಬಿಟ್ಟಿತು!

ಆಗಲೇಬೇಕು. ಆ ಹೂವಿನಲ್ಲಿರುವ ಆಂಥೋಸಯಾನಿನ್ ಅನ್ನುವ ಬಣ್ಣ ಹುಳಿ ತಾಗಿದರೆ ನೇರಳೆಗೆ ತಿರುಗುತ್ತದೆ, ಹುಳಿ ಇನ್ನೂ ಜಾಸ್ತಿಯಾದರೆ ಗುಲಾಬಿಗೆ. ಅದಕ್ಕೇ ಮೇಲಿನ ಜೋಡಣೆಯಲ್ಲಿ ಹುಳಿಯ ಪುನರ್ಪುಳಿಗೂ ನೀಲಿಗೂ ನಡುವೆ ಕಾಯಿಹಾಲು ಇಟ್ಟಿರುವುದು. ಮಕ್ಕಳಿಗೆ ಮಾತ್ರ ಬೇಕಂತಲೇ ಮಾಡಿ ತೋರಿಸಿ. ನೀಲಿ ನೀರಿನ ಗ್ಲಾಸು ಕೊಟ್ಟು, ಅವರ ಕೈಯಲ್ಲೇ ನಿಂಬೆ ಹಿಂಡಿಸಿ. ಪಟಾಕಿಗೆ ಕಾಯುವ ಹೊತ್ತಿಗೆ ಇದಕ್ಕಿಂತ ಒಳ್ಳೆ ಆಟ ಇಲ್ಲ.

ಬ್ಲೂಬೆರಿ ಹಾಕಿದರೆ ನೀಲಿ ಬರುತ್ತದೆಯೇ ಅಂತಲೂ ಕೇಳುತ್ತಾರೆ. ಬರುವುದಿಲ್ಲ, ಅರೆದರೆ ನೇರಳೆಯೇ. ಇಡೀ ಹಣ್ಣನ್ನು ಐಸ್ ಟ್ರೇಯಲ್ಲಿ ನೀರಿನ ಜೊತೆ ಹೆಪ್ಪುಗಟ್ಟಿಸಿ ಹಾಕಿ, ಆಗ ನೀಲಿ ಕಾಣುತ್ತದೆ. ಜುಲೈನಲ್ಲಿ ಅದರ ಸುಗ್ಗಿ ಬೇರೆ. ನ್ಯೂಜೆರ್ಸಿಯವರಿಗೆ ಇನ್ನೊಂದು ಖುಷಿಯ ಸಂಗತಿ. ಕಾಡುಗಿಡವಾಗಿದ್ದ ಬ್ಲೂಬೆರಿಯನ್ನು ತೋಟದ ಬೆಳೆ ಮಾಡಿದ್ದೇ ಅಲ್ಲಿನ ವೈಟ್ಸ್‌ಬಾಗ್ ಎಂಬ ಊರಲ್ಲಿ. ಎಲಿಜಬೆತ್ ವೈಟ್ ಮತ್ತು ಫ್ರೆಡರಿಕ್ ಕೋವಿಲ್ ಸೇರಿ ಬೆಳೆಸಿದ ಮೊದಲ ಫಸಲು 1916ರಲ್ಲಿ ಮಾರಾಟಕ್ಕೆ ಬಂತು.

ಪಾನಕ ಇಟ್ಟರೆ ಅಮೆರಿಕದ ಅಕ್ಕಪಕ್ಕದವರು ಕುಡಿಯುತ್ತಾರಾ? ಇಡಲು ಸ್ವಲ್ಪ ಮುಜುಗರ.

ಮುಜುಗರ ಯಾಕೆ? ಧೈರ್ಯವಾಗಿ ಇಡಿ. ಈ ದೇಶದ ರೈತರು ಹಿಂದಿನ ಕಾಲದಲ್ಲಿ ಬೇಸಿಗೆಯ ಹುಲ್ಲು ಕೊಯ್ಲಿನ ಹೊತ್ತಿಗೆ ಹೊಲಕ್ಕೆ ಒಯ್ಯುತ್ತಿದ್ದ ಪಾನೀಯ ಏನು ಗೊತ್ತಾ? ಸ್ವಿಚೆಲ್. ನೀರು, ಶುಂಠಿ, ಕಾಕಂಬಿ ಅಥವಾ ಮೇಪಲ್ ಸಿರಪ್, ಹುಳಿಗೆ ಆ್ಯಪಲ್ ಸೈಡರ್ ವಿನಿಗರ್. ನಮ್ಮ ಪಾನಕದಲ್ಲಿ ಏನಿದೆ? ನೀರು, ಶುಂಠಿ, ಬೆಲ್ಲ, ನಿಂಬೆ. ಎರಡೂ ಕಡೆ ಒಂದು ಸಿಹಿ, ಶುಂಠಿಯ ಖಾರ, ಒಂದು ಹುಳಿ. ಬಿಸಿಲಲ್ಲಿ ದುಡಿಯುವವರಿಗೆ ಏನು ಬೇಕು ಅನ್ನುವುದನ್ನು ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡಿನ ರೈತರೂ ನಮ್ಮ ಹಿರಿಯರೂ ಒಬ್ಬರನ್ನೊಬ್ಬರು ಕೇಳದೆ ಕಂಡುಕೊಂಡಿದ್ದರು. ಇದನ್ನು ಯೋಚಿಸಿದಾಗೆಲ್ಲ ನನಗೆ ಸಂತೋಷವಾಗುತ್ತದೆ. ವರ್ಮಾಂಟ್ ಕಡೆ ಈಗಲೂ ಸ್ವಿಚೆಲ್ ಮಾಡುವವರಿದ್ದಾರೆ.

ಹಾಗಾಗಿ ನನ್ನ ಸಲಹೆ, ಎರಡನ್ನೂ ಪಕ್ಕಪಕ್ಕ ಇಡಿ. ಪಾನಕಕ್ಕೆ ಒಂದು ಕಪ್ ಪುಡಿ ಬೆಲ್ಲಕ್ಕೆ ಐದು ಕಪ್ ನೀರು, ಅರ್ಧ ಚಮಚ ಒಣಶುಂಠಿ ಪುಡಿ, ಕಾಲು ಚಮಚ ಏಲಕ್ಕಿ, ನಾಲ್ಕು ಕಾಳು ಮೆಣಸು ಕುಟ್ಟಿದ್ದು, ಎರಡು ನಿಂಬೆ, ಚಿಟಿಕೆ ಉಪ್ಪು. ಬೆಲ್ಲ ಕರಗಿದ ಮೇಲೆ ಸೋಸಲು ಮರೆಯಬೇಡಿ, ತಳದಲ್ಲಿ ಮರಳು ಇರುತ್ತದೆ. ಸ್ವಿಚೆಲ್‌ಗೆ ನಾಲ್ಕು ಕಪ್ ನೀರಿಗೆ ಕಾಲು ಕಪ್ ವಿನಿಗರ್, ಕಾಲು ಕಪ್ ಮೇಪಲ್ ಸಿರಪ್, ಒಂದು ದೊಡ್ಡ ಚಮಚ ತುರಿದ ಹಸಿ ಶುಂಠಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿ. ಜಾಡಿಯ ಮೇಲೆ ಹೆಸರು ಮತ್ತು ಏನೇನು ಹಾಕಿದೆ ಅಂತ ಒಂದು ಚೀಟಿ ಅಂಟಿಸಿ. ಜನ ಹಿಂಜರಿಯುವುದು ರುಚಿಗಲ್ಲ, ಒಳಗೆ ಏನಿದೆ ಅಂತ ತಿಳಿಯದ್ದಕ್ಕೆ. ಶುಂಠಿ, ನಿಂಬೆ, ಬೆಲ್ಲ ಅಂತ ಓದಿದ ಮೇಲೆ ಸಾಲಾಗಿ ಬರುತ್ತಾರೆ.

ಮಜ್ಜಿಗೆ ಹೊರಗೆ ಇಡಬಹುದಾ? ಕೆಡುವುದಿಲ್ಲವೇ?

ಇಡಬಹುದು, ಐಸಿನ ನಡುವೆ ಇಟ್ಟರೆ ಮಾತ್ರ. ಇಲ್ಲಿನ ಕೃಷಿ ಇಲಾಖೆಯ ನಿಯಮ ಸರಳ. ಹಾಲು ಮೊಸರಿನಂಥ ಪದಾರ್ಥ ತಂಪಿಲ್ಲದೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಂದರೆ ನಮ್ಮ ಲೆಕ್ಕದಲ್ಲಿ 32 ಡಿಗ್ರಿ, ಒಂದೇ ಗಂಟೆ. ಮೊಸರು ಹುಳಿ ಇರುವುದರಿಂದ ಏನೂ ಆಗಲ್ಲ ಅಂತ ನಮ್ಮವರು ಧೈರ್ಯ ಮಾಡುತ್ತಾರೆ. ಐವತ್ತು ಜನ ಕುಡಿಯುವ ಜಾಡಿಯಲ್ಲಿ ಆ ಧೈರ್ಯ ಬೇಡ. ಎರಡು ಸಣ್ಣ ಜಾಡಿ ಮಾಡಿ, ಒಂದು ಹೊರಗಿದ್ದಾಗ ಇನ್ನೊಂದು ಕೂಲರಿನ ತಳದಲ್ಲಿರಲಿ.

ಜುಲೈ 4ರ ಹಾಲಿನ ಕಥೆ ಒಂದು ಅಮೆರಿಕದ ಇತಿಹಾಸದಲ್ಲೇ ಇದೆ. 1850ರಲ್ಲಿ ಆಗಿನ ಅಧ್ಯಕ್ಷ ಜಕಾರಿ ಟೇಲರ್ ಅವತ್ತು ವಾಷಿಂಗ್ಟನ್ ಸ್ಮಾರಕದ ಬಳಿ ಉರಿ ಬಿಸಿಲಿನಲ್ಲಿ ಸಮಾರಂಭಕ್ಕೆ ಕೂತರು. ಆಮೇಲೆ ಚೆರ್ರಿ ಹಣ್ಣು ತಿಂದು ಐಸ್ ಹಾಕಿದ ಹಾಲು ಕುಡಿದರು ಅಂತ ಹೇಳುತ್ತಾರೆ. ಹೊಟ್ಟೆ ಕೆಟ್ಟು ಮಲಗಿದವರು ಜುಲೈ 9ಕ್ಕೆ ತೀರಿಕೊಂಡರು. ವಿಷ ಹಾಕಿದ್ದರೇನೋ ಅನ್ನುವ ಅನುಮಾನಕ್ಕೆ 1991ರಲ್ಲಿ ಅವರ ದೇಹವನ್ನು ಹೊರತೆಗೆದು ಪರೀಕ್ಷೆ ಕೂಡ ಮಾಡಿದರು, ವಿಷವಲ್ಲ ಅಂತ ತಿಳಿಯಿತು. ಆಗಿನ ವಾಷಿಂಗ್ಟನ್ನಿನ ಕೊಳಕು ನೀರು, ಚರಂಡಿ ವ್ಯವಸ್ಥೆಯ ಮೇಲೇ ಅನೇಕರ ಬೊಟ್ಟು. ಇವತ್ತು ನಮ್ಮ ಹತ್ತಿರ ಫ್ರಿಜ್ಜಿದೆ, ಕೂಲರಿದೆ. ಬಳಸೋಣ.

ಇನ್ನೊಂದು ಮಾತು. ಅಂಗಡಿಯಲ್ಲಿ ಬಟರ್‌ಮಿಲ್ಕ್ ಅಂತ ಸಿಗುವ ಡಬ್ಬಿ ಗಟ್ಟಿಯಾಗಿ, ತುಂಬಾ ಹುಳಿಯಾಗಿರುತ್ತದೆ. ಅದು ಪ್ಯಾನ್‌ಕೇಕ್ ಹಿಟ್ಟಿಗೆ ಸರಿ. ಕುಡಿಯಲು ಸಾದಾ ಮೊಸರನ್ನೇ ಮೂರು ನಾಲ್ಕು ಪಟ್ಟು ತಣ್ಣೀರು ಹಾಕಿ ಕಡೆಯಿರಿ. ಹಸಿಮೆಣಸು, ಶುಂಠಿ, ಕೊತ್ತಂಬರಿ, ಕರಿಬೇವು, ಇಂಗು, ಉಪ್ಪು. ಮಕ್ಕಳಿಗೆ ಮತ್ತು ಖಾರ ಒಗ್ಗದ ಅತಿಥಿಗಳಿಗೆ ಮೆಣಸಿಲ್ಲದ ಒಂದು ಜಾಡಿ ಬೇರೆ ಇರಲಿ.

ಇಪ್ಪತ್ತು ಜನಕ್ಕೆ ಎಷ್ಟು ಮಾಡಬೇಕು?

ಪಾರ್ಟಿ ಮಾಡುವವರ ಮಾಮೂಲಿ ಲೆಕ್ಕ, ಮೊದಲ ಗಂಟೆಗೆ ತಲೆಗೆ ಎರಡು ಲೋಟ, ಆಮೇಲೆ ಗಂಟೆಗೊಂದು. ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತೂವರೆವರೆಗೆ ಅಂದರೆ ಏಳೆಂಟು ಲೋಟ. ಲೋಟಕ್ಕೆ 240 ಮಿಲಿಲೀಟರ್ ಹಿಡಿದರೆ ತಲೆಗೆ ಸುಮಾರು 1.8 ಲೀಟರ್, ಇಪ್ಪತ್ತು ಜನಕ್ಕೆ 36 ಲೀಟರ್. ಗಾಬರಿಯಾಗಬೇಡಿ, ಇದರಲ್ಲಿ ಅರ್ಧ ಸುಮ್ನೆ ತಣ್ಣೀರು ಇರಬೇಕು. ಉಳಿದ 18 ಲೀಟರ್, ಅಂದರೆ ಹತ್ತಿರ ಹತ್ತಿರ ಐದು ಗ್ಯಾಲನ್, ಮೂರು ಬಗೆ ಮಾಡಿ ಹಂಚಿ. ಒಂದು ಹುಳಿ-ಸಿಹಿ, ಒಂದು ಉಪ್ಪಿನದು, ಒಂದು ಹಣ್ಣಿನದು. ಐದಾರು ಬಗೆ ಮಾಡಲು ಹೋದರೆ ಮಾಡುವವರು ಅಡುಗೆಮನೆಯಲ್ಲೇ ಉಳಿಯುತ್ತಾರೆ, ಅದು ನನಗೆ ಬೇಸರ ತರಿಸುವ ವಿಷಯ. ಹಬ್ಬ ಅವರಿಗೂ ತಾನೇ?

ಐಸ್ ತಲೆಗೆ ಒಂದರಿಂದ ಎರಡು ಪೌಂಡ್. ಕುಡಿಯುವ ಐಸ್ ಬೇರೆ ಚೀಲದಲ್ಲಿರಲಿ. ಕ್ಯಾನ್‌ಗಳನ್ನು ಹೂತಿಟ್ಟ ಕೂಲರಿನ ಐಸನ್ನು ಲೋಟಕ್ಕೆ ಹಾಕಬೇಡಿ, ಎಷ್ಟೋ ಕೈ ಅದರೊಳಗೆ ಹೋಗಿರುತ್ತದೆ. ಪಾನಕದ್ದೋ ಲೆಮನೇಡಿನದ್ದೋ ಐಸ್ ಕಟ್ಟಿ ಅದನ್ನೇ ಜಾಡಿಗೆ ಹಾಕಿದರೆ ಕರಗಿದರೂ ನೀರು ನೀರಾಗುವುದಿಲ್ಲ.

ಒಳ್ಳೆ ಲೆಮನೇಡ್ ಹೇಗೆ? ನಮ್ಮ ನಿಂಬೆ ಶರಬತ್ತಿನ ಹಾಗೇ ಅಲ್ವಾ?

ಹಾಗೇ. ಆದರೆ ಇಲ್ಲಿನ ಹಳದಿ ದಪ್ಪ ನಿಂಬೆಗೆ ನಮ್ಮ ನಿಂಬೆಯಷ್ಟು ಘಮ, ಕಟುವಾದ ಹುಳಿ ಇಲ್ಲ. ಅದಕ್ಕೇ ರಸ ಜಾಸ್ತಿ ಹಾಕುತ್ತಾರೆ. ಒಂದು ಕಪ್ ಸಕ್ಕರೆಯನ್ನು ಒಂದು ಕಪ್ ಬಿಸಿ ನೀರಲ್ಲಿ ಕರಗಿಸಿ, ಒಂದು ಕಪ್ ರಸ, ನಾಲ್ಕೈದು ಕಪ್ ತಣ್ಣೀರು. ಹಿಂಡಿದ ಸಿಪ್ಪೆಯನ್ನು ಬಿಸಿ ಪಾಕದಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಘಮ ಬೇರೆಯೇ. ತುಂಬಾ ಹೊತ್ತು ಬಿಟ್ಟರೆ ಕಹಿ. ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ ಹಾಕಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಕಲ್ಲಂಗಡಿ?

ಖಂಡಿತ. ಜುಲೈ 4ರ ಮೇಜಿನ ಮೇಲೆ ಕಲ್ಲಂಗಡಿ ಇಲ್ಲದಿದ್ದರೆ ಆಗುವುದಿಲ್ಲ. ಬೀಜ ತೆಗೆದು ಅರೆದು, ನಿಂಬೆ, ಪುದೀನ, ಚಿಟಿಕೆ ಕಪ್ಪು ಉಪ್ಪು ಹಾಕಿ. ಸಕ್ಕರೆ ಬೇಡವೇ ಬೇಡ. ನಿಂತಷ್ಟೂ ನೀರು ಬೇರೆ, ತಿರುಳು ಬೇರೆ ಆಗುತ್ತದೆ, ಪಕ್ಕದಲ್ಲೊಂದು ಸೌಟು ಇಡಿ.

ರೂಟ್ ಬಿಯರ್ ಅಂದರೆ ಬಿಯರೇ? ನಮ್ಮಮ್ಮ ಒಂದು ಗುಟುಕು ಕುಡಿದು ನೋವಿನ ಮುಲಾಮಿನ ವಾಸನೆ ಅಂದರು.

ಈಗ ಸಿಗುವ ಮಾಮೂಲಿ ರೂಟ್ ಬಿಯರಿನಲ್ಲಿ ಮದ್ಯ ಇಲ್ಲ, ಮಕ್ಕಳಿಗೂ ಕೊಡುತ್ತಾರೆ. ಅಮ್ಮ ಹೇಳಿದ್ದು ಸರಿಯೇ ಇದೆ. ಅದರಲ್ಲಿರುವ ವಿಂಟರ್‌ಗ್ರೀನ್ ಪರಿಮಳವೂ ನೋವಿನ ಮುಲಾಮಿನ ಪರಿಮಳವೂ ಒಂದೇ ವಸ್ತುವಿನದು, ಮೀಥೈಲ್ ಸ್ಯಾಲಿಸಿಲೇಟ್. ಫಿಲಡೆಲ್ಫಿಯಾದ ಚಾರ್ಲ್ಸ್ ಹೈರ್ಸ್ ಅನ್ನುವವರು 1876ರಲ್ಲಿ, ಸ್ವಾತಂತ್ರ್ಯದ ನೂರನೇ ವರ್ಷದ ವಸ್ತುಪ್ರದರ್ಶನದಲ್ಲಿ, ಇದನ್ನು ಜನರಿಗೆ ರುಚಿ ತೋರಿಸಿದರು. ಹಾಗೆ ನೋಡಿದರೆ ಜುಲೈ 4ಕ್ಕೆ ಇದಕ್ಕಿಂತ ಹೊಂದುವ ಬಾಟಲಿ ಪಾನೀಯ ಬೇರೆ ಇಲ್ಲ. ಹಿಂದೆ ಸಸಾಫ್ರಸ್ ಮರದ ಬೇರಿನ ತೊಗಟೆ ಹಾಕುತ್ತಿದ್ದರು. ಅದರಲ್ಲಿನ ಸ್ಯಾಫ್ರೋಲ್ ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ 1960ರಲ್ಲಿ ನಿಷೇಧವಾಯಿತು.

ಬೇರಿನ ಪಾನೀಯ ನಮಗೆ ಹೊಸದಲ್ಲ. ಸೊಗದೆ ಬೇರಿನ ಶರಬತ್ತು ಗೊತ್ತಲ್ಲ, ಕೆಲವರು ನನ್ನಾರಿ ಅನ್ನುತ್ತಾರೆ. ಗಿಡ ಬೇರೆ, ಆದರೆ ಆ ಮಣ್ಣಿನ, ವೆನಿಲಾದಂಥ ಪರಿಮಳ ಹತ್ತಿರ ಹತ್ತಿರ. ಊರಿಂದ ಸಿರಪ್ ಬಂದಿದ್ದರೆ ಅದಕ್ಕೆ ಸೋಡಾ, ನಿಂಬೆ ಹಾಕಿ ಕೊಡಿ. ರೂಟ್ ಬಿಯರ್ ಕುಡಿದು ಬೆಳೆದವರಿಗೆ ಅದು ತಕ್ಷಣ ಹಿಡಿಸುತ್ತದೆ. ಅಮ್ಮನಿಗೂ ಸಮಾಧಾನ. ಮಕ್ಕಳಿಗೆ ರೂಟ್ ಬಿಯರಿನಲ್ಲಿ ವೆನಿಲಾ ಐಸ್‌ಕ್ರೀಮ್ ಉಂಡೆ ಹಾಕಿ ಫ್ಲೋಟ್ ಮಾಡಿಕೊಡಿ. ಅರ್ಧ ಗ್ಲಾಸಿಗೇ ನಿಲ್ಲಿಸಿ, ನೊರೆ ಉಕ್ಕುತ್ತದೆ.

ನಾವು ಸಸ್ಯಾಹಾರಿಗಳು. ಪಾನೀಯದಲ್ಲೂ ನೋಡಿಕೊಳ್ಳಬೇಕಾದದ್ದು ಇದೆಯೇ?

ಇದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಈ ಹಬ್ಬಕ್ಕೆ ಎಲ್ಲಾ ಕಡೆ ಕೆಂಪು-ಬಿಳಿ-ನೀಲಿ ಜೆಲ್ಲಿ ಗ್ಲಾಸುಗಳು ಬರುತ್ತವೆ. ಮಾಮೂಲಿ ಜೆಲ್ಲಿ ಪುಡಿಯಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದದ್ದು. ಮೇಲೆ ಅಲಂಕಾರಕ್ಕೆ ಇಡುವ ಮಾರ್ಷ್‌ಮ್ಯಾಲೋದಲ್ಲೂ ಅದೇ. ಮನೆಯಲ್ಲಿ ಕಡಲ ಪಾಚಿಯಿಂದ ಬರುವ ಚೈನಾ ಗ್ರಾಸ್ ಹಾಕಿ ಮಾಡಿಕೊಳ್ಳಿ, ಬಿಸಿಲಲ್ಲೂ ಅದು ಬೇಗ ಕರಗುವುದಿಲ್ಲ, ಹೊರಗಿನ ಪಾರ್ಟಿಗೆ ಅದೇ ವಾಸಿ.

ಎರಡನೆಯದು ಕೆಂಪು ಬಣ್ಣ. ಕೆಲವು ಕೆಂಪು ಜ್ಯೂಸ್, ಸಿರಪ್‌ಗಳಲ್ಲಿ ಕಾರ್ಮೈನ್ ಅಥವಾ ಕೋಚಿನೀಲ್ ಅಂತ ಬರೆದಿರುತ್ತದೆ. ಅದು ಒಂದು ಜಾತಿಯ ಹುಳುವಿನಿಂದ ತೆಗೆದ ಬಣ್ಣ. 2011ರಿಂದ ಲೇಬಲ್ಲಿನಲ್ಲಿ ಹೆಸರು ಹಾಕಲೇಬೇಕು ಅಂತ ನಿಯಮ ಇದೆ, ಹಾಗಾಗಿ ಓದಿದರೆ ಗೊತ್ತಾಗುತ್ತದೆ. ಇನ್ನು ರೆಡ್ 3 ಅನ್ನುವ ಕೃತಕ ಬಣ್ಣವನ್ನು ಆಹಾರದಲ್ಲಿ ಬಳಸುವುದಕ್ಕೆ 2025ರ ಜನವರಿಯಲ್ಲಿ ಇಲ್ಲಿನ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, ನಿಷೇಧ ಹಾಕಿದೆ, ಕಂಪನಿಗಳಿಗೆ 2027ರ ಜನವರಿವರೆಗೆ ಗಡುವು ಕೊಟ್ಟಿದೆ. ಅಂದರೆ ಹಳೇ ಬಾಟಲಿ ಮನೆಯಲ್ಲಿದ್ದರೆ ಒಮ್ಮೆ ನೋಡಿ. ಬೀಟ್‌ರೂಟಿನ ಒಂದು ಚಮಚ ರಸ ಸಾಕು ಒಂದು ಜಾಡಿ ಕೆಂಪಾಗಲು, ಅಷ್ಟು ಸ್ವಲ್ಪದಲ್ಲಿ ರುಚಿಯೂ ತಿಳಿಯದು.

ಬಿಯರ್, ಕಾಕ್‌ಟೇಲ್ ಇಡಬೇಕಾ? ಈ ಹಬ್ಬದಲ್ಲಿ ಅದು ಸಂಪ್ರದಾಯವೇ?

ಸಂಪ್ರದಾಯ ಇದೆ, ಸುಳ್ಳಲ್ಲ. 1778ರ ಜುಲೈ 4ಕ್ಕೆ ಜಾರ್ಜ್ ವಾಷಿಂಗ್ಟನ್ ತನ್ನ ಸೈನಿಕರಿಗೆ ಎರಡು ಪಾಲು ರಮ್ ಕೊಡಿಸಿದ್ದರು. ಮೊದಮೊದಲ ವರ್ಷಗಳ ಔತಣಗಳಲ್ಲಿ ಹದಿಮೂರು ರಾಜ್ಯಗಳ ಲೆಕ್ಕಕ್ಕೆ ಹದಿಮೂರು ಸಲ ಗ್ಲಾಸ್ ಎತ್ತುವ ಪದ್ಧತಿ ಇತ್ತು. ಫಿಲಡೆಲ್ಫಿಯಾದಲ್ಲಿ 1732ರಲ್ಲಿ ಶುರುವಾದ ಮೀನು ಹಿಡಿಯುವವರ ಕ್ಲಬ್ಬಿನಿಂದ ಬಂದ ಫಿಶ್ ಹೌಸ್ ಪಂಚ್ ಇಂದಿಗೂ ಹೆಸರುವಾಸಿ, ಅದರಲ್ಲಿ ರಮ್, ಬ್ರಾಂಡಿ, ನಿಂಬೆ, ಸಕ್ಕರೆ. ಅದೇ ಪಂಚನ್ನು ಮದ್ಯದ ಬದಲು ತಣ್ಣನೆಯ ಕಪ್ಪು ಚಹಾ, ಪೀಚ್ ರಸ, ನಿಂಬೆ ಹಾಕಿ ಮಾಡಿದರೂ ಬಹಳ ಚೆನ್ನಾಗಿರುತ್ತದೆ.

ಇಡುವುದು ಬಿಡುವುದು ನಿಮ್ಮಿಷ್ಟ. ಇಡುವುದಾದರೆ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಪಾರ್ಕಿನಲ್ಲಿ ಮದ್ಯಕ್ಕೆ ಅನುಮತಿ ಊರಿಂದೂರಿಗೆ ಬೇರೆ, ಮೊದಲೇ ಕೇಳಿಕೊಳ್ಳಿ. ಗಾಜಿನ ಬಾಟಲಿಗೇ ಅನೇಕ ಬೀಚು, ಪಾರ್ಕುಗಳಲ್ಲಿ ಅವಕಾಶವಿಲ್ಲ. 21 ವರ್ಷದ ಒಳಗಿನವರಿಗೆ ಕೊಡಬೇಡಿ, ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೂ ಅದೇ ಮಾತು. ಮದ್ಯ ಬೆರೆಸಿದ್ದು, ಬೆರೆಸದ್ದು ಒಂದೇ ಬಣ್ಣದಲ್ಲಿದ್ದರೆ ಬೇರೆ ಮೇಜಿನ ಮೇಲಿಡಿ, ದೊಡ್ಡದಾಗಿ ಬರೆಯಿರಿ. ಮಕ್ಕಳು ಕೈ ಹಾಕುವುದು ಬಣ್ಣ ನೋಡಿ. ಬಿಯರ್ ಕುಡಿದವರಿಗೆ ಬಾಯಾರಿಕೆ ತೀರಿದ ಹಾಗೆ ಅನಿಸುತ್ತದೆ, ಆದರೆ ಮೈಯಿಂದ ನೀರು ಇನ್ನೂ ಜಾಸ್ತಿ ಹೋಗುತ್ತಿರುತ್ತದೆ. ಪ್ರತಿ ಗ್ಲಾಸಿನ ಜೊತೆ ಒಂದು ಲೋಟ ನೀರು ಕೈಗೆ ಕೊಡಿ. ಯಾರು ಗಾಡಿ ಓಡಿಸುತ್ತಾರೆ ಅನ್ನುವುದು ಮೊದಲ ಗ್ಲಾಸಿಗೆ ಮುಂಚೆಯೇ ತೀರ್ಮಾನವಾಗಿರಲಿ.

ಊರಿಂದ ಅತ್ತೆ ಮಾವ ಬಂದಿದ್ದಾರೆ. ಇಬ್ಬರಿಗೂ ವಯಸ್ಸಾಗಿದೆ, ಶುಗರ್ ಇದೆ. ಅವರಿಗೆ ಏನು ಕೊಡಲಿ?

ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಬೇಸಿಗೆಯಲ್ಲೇ ಅಪ್ಪ ಅಮ್ಮ, ಅತ್ತೆ ಮಾವ ಬರುವುದು ಜಾಸ್ತಿ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. 'ಬೇಡಪ್ಪ, ಈಗ ತಾನೇ ಕುಡಿದೆ' ಅಂತಾರೆ. ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ಸಂಕೋಚದಿಂದ ಕುಡಿಯದೆ ಇರುವವರೂ ಇದ್ದಾರೆ. ಪಾರ್ಕಿನಲ್ಲಿ ಶೌಚಾಲಯ ಎಲ್ಲಿದೆ ಅಂತ ಬಂದ ಕೂಡಲೇ ತೋರಿಸಿಬಿಡಿ, ನೆರಳಲ್ಲಿ ಕುರ್ಚಿ ಹಾಕಿ, ಗಂಟೆಗೊಮ್ಮೆ ನೀವೇ ಲೋಟ ತಂದು ಕೈಗಿಡಿ.

ಬೆಲ್ಲವೂ ಸಕ್ಕರೆಯೇ. 'ಬೆಲ್ಲದ್ದು ಅಲ್ವಾ, ಪರವಾಗಿಲ್ಲ' ಅಂತ ಪಾನಕ ಎರಡು ಮೂರು ಲೋಟ ಕುಡಿದರೆ ಶುಗರ್ ಏರುತ್ತದೆ. ಅವರಿಗೆ ನೀರು ಮಜ್ಜಿಗೆ, ಸಿಹಿ ಹಾಕದ ನಿಂಬೆ ನೀರು, ಸೌತೆಕಾಯಿ ಪುದೀನ ಹಾಕಿದ ತಣ್ಣೀರು ಕೊಡಿ. ಬಿಪಿ ಇದ್ದರೆ ಉಪ್ಪು ಕಡಿಮೆ. ಕಿಡ್ನಿ ತೊಂದರೆ ಇದ್ದರೆ ಎಳನೀರು ಕೊಡುವ ಮೊದಲು ಡಾಕ್ಟರನ್ನು ಕೇಳಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಮಿತಿ ಹಾಕಿದವರಿಗೆ ಆ ಮಿತಿಯೇ ನಿಯಮ. ತಲೆಸುತ್ತು, ತಡವರಿಸುವ ಮಾತು, ಗೊಂದಲ ಕಂಡರೆ ಶರಬತ್ತು ಕುಡಿಸುತ್ತಾ ಕೂರಬೇಡಿ, 911ಕ್ಕೆ ಕರೆ ಮಾಡಿ.

ತೀರಾ ಚಿಕ್ಕ ಮಕ್ಕಳ ವಿಷಯ. ಒಂದು ವರ್ಷದೊಳಗಿನ ಕೂಸಿಗೆ ಜೇನು ಹಾಕಿದ ಯಾವುದೂ ಬೇಡ. ನಾಲ್ಕು ವರ್ಷದೊಳಗಿನವರ ಲೋಟದಲ್ಲಿ ಇಡೀ ದ್ರಾಕ್ಷಿ, ಚೆರ್ರಿ, ಬ್ಲೂಬೆರಿ ಹಾಕಬೇಡಿ, ಗಂಟಲಿಗೆ ಸಿಗುತ್ತದೆ.

ಐಸ್ ಟೀ ಬಿಸಿಲಲ್ಲೇ ಇಟ್ಟು ಮಾಡುತ್ತಾರಂತೆ, ಹೌದಾ?

ಜಾಡಿಯಲ್ಲಿ ನೀರು, ಚಹಾ ಚೀಲ ಹಾಕಿ ಬಿಸಿಲಿಗೆ ಇಡುವ ರೂಢಿ ಇದೆ. ಮಾಡಬೇಡಿ. ಬಿಸಿಲಿಗೆ ನೀರು ಬೆಚ್ಚಗಾಗುತ್ತದೆ, ಕ್ರಿಮಿ ಸಾಯುವಷ್ಟು ಬಿಸಿ ಆಗುವುದಿಲ್ಲ. ಕುದಿಸಿ ಮಾಡಿ, ಇಲ್ಲವೇ ತಣ್ಣೀರಲ್ಲಿ ಚಹಾ ಚೀಲ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ. ದಕ್ಷಿಣದ ರಾಜ್ಯಗಳ ಸ್ವೀಟ್ ಟೀ ಬೇಕಾದರೆ ಚಹಾ ಬಿಸಿ ಇರುವಾಗಲೇ ಸಕ್ಕರೆ ಕರಗಿಸಿ. ಅರ್ಧ ಚಹಾ, ಅರ್ಧ ಲೆಮನೇಡ್ ಬೆರೆಸಿದರೆ ಅದಕ್ಕೆ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಹೆಸರು. ಮಧ್ಯಾಹ್ನದ ಜೊಂಪು ಹೋಗಲು ನನಗೆ ಅದೇ ಇಷ್ಟ.

ಧ್ವಜದ ಚಿತ್ರ ಇರುವ ಪೇಪರ್ ಕಪ್, ನ್ಯಾಪ್ಕಿನ್ ತರಬಹುದಾ?

ಅಂಗಡಿ ತುಂಬಾ ಇರುತ್ತವೆ, ತಂದರೆ ಯಾರೂ ದಂಡ ಹಾಕುವುದಿಲ್ಲ. ಆದರೆ ಅಮೆರಿಕದ ಧ್ವಜ ಸಂಹಿತೆಯಲ್ಲೇ, ಬಳಸಿ ಎಸೆಯುವ ವಸ್ತುಗಳ ಮೇಲೆ ಧ್ವಜವನ್ನು ಮುದ್ರಿಸಬಾರದು ಅಂತ ಇದೆ, ಪೇಪರ್ ನ್ಯಾಪ್ಕಿನ್ ಹೆಸರನ್ನೇ ಹೇಳಿದೆ. ಸಾಯಂಕಾಲ ಕಸದ ಬುಟ್ಟಿಯಲ್ಲಿ ಧ್ವಜ ಬಿದ್ದಿರುವುದು ನೋಡಲು ನನಗಂತೂ ಕಷ್ಟ. ಬರೀ ಕೆಂಪು, ಬರೀ ನೀಲಿ ಕಪ್ ತನ್ನಿ. ಮನೆಯ ಸ್ಟೀಲ್ ಲೋಟ ತಂದರೆ ಇನ್ನೂ ಒಳ್ಳೆಯದು, ಪಾನಕ ಅದರಲ್ಲಿ ಕೈಗೆ ಹೆಚ್ಚು ತಣ್ಣಗೂ ಅನಿಸುತ್ತದೆ.

ಡ್ರೈ ಐಸ್ ಹಾಕಿ ಹೊಗೆ ಬರಿಸಬಹುದಾ?

ಮಕ್ಕಳಿರುವ ಕಡೆ ಬೇಡ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ, ತುಂಡು ನುಂಗಿದರೆ ಅಪಾಯ.

ಇದೇ ಪದರದ ವಿಧಾನ ಆಗಸ್ಟ್ 15ಕ್ಕೆ ಆಗುತ್ತದೆಯೇ?

ಆಗುತ್ತದೆ. ನಮ್ಮ ಧ್ವಜದ ಕ್ರಮದಲ್ಲಿ ಹಸಿರು ತಳಕ್ಕೆ ಬರಬೇಕು, ಹಾಗಾಗಿ ಖಸ್ (ಲಾವಂಚ) ಅಥವಾ ಪುದೀನದ ಗಟ್ಟಿ ಸಿರಪ್ ಕೆಳಗೆ, ಸಿಹಿ ಕಡಿಮೆ ಇರುವ ಕಾಯಿಹಾಲು ನಡುವೆ, ಮೇಲೆ ನೀರು ಬೆರೆಸಿ ಸಿಹಿ ಇಳಿಸಿದ ಕಿತ್ತಳೆ ಅಥವಾ ಕ್ಯಾರೆಟ್ ರಸ. ನವೆಂಬರಿನ ರಾಜ್ಯೋತ್ಸವಕ್ಕೆ ಎರಡೇ ಬಣ್ಣ, ಕೆಂಪು ತಳದಲ್ಲಿ, ಹಳದಿ ಮೇಲೆ. ಪುನರ್ಪುಳಿ ಸಿರಪ್ಪಿನ ಮೇಲೆ ನೀರು ಮಾಡಿದ ಅನಾನಸ್ ರಸ ಸರಿಯಾಗಿ ನಿಲ್ಲುತ್ತದೆ.

ಉಳಿದದ್ದನ್ನು ಏನು ಮಾಡಲಿ?

ಹೊರಗೆ ಐಸಿಲ್ಲದೆ ನಿಂತ ಮಜ್ಜಿಗೆ, ಕಾಯಿಹಾಲು ಚೆಲ್ಲಿ, ಮನಸ್ಸು ಒಪ್ಪದಿದ್ದರೂ ಚೆಲ್ಲಿ. ತಣ್ಣಗಿದ್ದ ಪಾನಕ, ಲೆಮನೇಡ್, ಕಲ್ಲಂಗಡಿ ರಸವನ್ನು ಅಚ್ಚಿಗೆ ಹಾಕಿ ಐಸ್ ಕ್ಯಾಂಡಿ ಮಾಡಿ. ಕೆಂಪು-ಬಿಳಿ-ನೀಲಿ ಪಟ್ಟೆಯ ಬಾಂಬ್ ಪಾಪ್ ಅನ್ನುವ ಕ್ಯಾಂಡಿ 1955ರಲ್ಲಿ ಕನ್ಸಾಸ್ ಸಿಟಿಯಲ್ಲಿ ಹುಟ್ಟಿ ಇಂದಿಗೂ ಈ ಹಬ್ಬದ ಜೊತೆ ಇದೆ. ಮನೆಯಲ್ಲೂ ಅದೇ ಥರ ಮಾಡಬಹುದು. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು ಸುರಿಯಿರಿ, ಇಲ್ಲಿ ಸಕ್ಕರೆಯ ಲೆಕ್ಕದ ತಲೆನೋವು ಇಲ್ಲ. ಕಡ್ಡಿಯನ್ನು ಮೊದಲ ಪದರ ಅರ್ಧ ಹೆಪ್ಪುಗಟ್ಟಿದಾಗಲೇ ಚುಚ್ಚಬೇಕು, ಆಮೇಲೆ ಇಳಿಯುವುದಿಲ್ಲ.